ಹಿಂದಿನ ಚಕ್ರಕ್ಕೊಂದು ಗೇಣು

ಸೊಕ್ಕೆ, ಜಗಳೂರು ತಾಲ್ಲೂಕು
೧೨-೩-೧೯೭೯, ಸೋಮವಾರ

ಪ್ರೀತಿಯ ಇವರಿಗೆ,

ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಸವೆಯುತ್ತದೆ ಅಂತ ನಾನು ಈ ಮನೆಗೆ ಬಂದ ಹೊಸದರಲ್ಲೇ ಅತ್ತೆ ಹೇಳಿದ್ದರು. ಆಗ ಬಿ.ಎ. ಮುಗಿಸಿದ ಸೊಕ್ಕು, ನಕ್ಕುಬಿಟ್ಟಿದ್ದೆ. ಸೊಕ್ಕೆಗೆ ಬಂದ ಮೇಲೆ ಸೊಕ್ಕು ಹೇಗೆ ಇಳಿಯಿತು ನೋಡಿ, ಈಗ ಲಕೋಟೆಯ ಮೇಲೂ ನಿಮ್ಮ ಹೆಸರು ಬಿಟ್ಟು ಆಸ್ಪತ್ರೆಯಲ್ಲಿ ನಿಮ್ಮ ಜೊತೆಗಿರುವ ತಮ್ಮ ಸಣ್ಣಪ್ಪನ ಹೆಸರು ಬರೆಯುತ್ತಿದ್ದೇನೆ. ಆರೋಗ್ಯ ಹೇಗಿದೆ? ಬೆನ್ನು ಹೇಗಿದೆ? ಬೆನ್ನು ಬಿಡದೆ ಕೇಳುತ್ತಾಳೆ ಅಂತ ಬೈದುಕೊಳ್ಳಬೇಡಿ. ಗಂಜಿ ಇಳಿಯುತ್ತಿದೆಯೇ, ಎಡಗಾಲಿನ ಬೆರಳುಗಳು ಇನ್ನೂ ಆಡುತ್ತವೆಯೇ, ಪಕ್ಕದ ಮಂಚದ ಕೋಲಾರದ ಅಜ್ಜ ಈಗಲೂ ನಿದ್ದೆಗಣ್ಣಲ್ಲಿ ಎತ್ತು ಹೊಡೆಯುತ್ತಾನೆಯೇ, ಎಲ್ಲ ಬರೆಸಿ. ನಾವಿಲ್ಲಿ ಕ್ಷೇಮ. ಅತ್ತೆಗೆ ಮಂಡಿನೋವು ಬಿಟ್ಟರೆ ಬೇರೆ ನೋವು ಬಾಯಿಬಿಟ್ಟು ಹೇಳುವಂಥದ್ದಿಲ್ಲ.

ಹೋದ ತಿಂಗಳು ನಾನು ಬೆಂಗಳೂರಿಗೆ ಬಂದಾಗ ಡಾಕ್ಟರು ನನ್ನೊಬ್ಬಳನ್ನೇ ವರಾಂಡಕ್ಕೆ ಕರೆದು ಇಂಗ್ಲಿಷಿನಲ್ಲಿ ಏನು ಹೇಳಿದರು ಅಂತ ಮಲಗಿದಲ್ಲಿಂದಲೇ ಸಣ್ಣಪ್ಪನ ಕೈಲಿ ಬರೆಸಿದ ಎರಡು ಕಾಗದದಲ್ಲೂ ಕೇಳಿದ್ದೀರಿ. ಊರಿಗೆ ಹೋದ ಮೇಲೆ ಮತ್ತೆ ಆಸ್ಪತ್ರೆಗೆ ಬರುವುದು ಯಾವಾಗ, ಸ್ಟೇರಿಂಗ್ ಹಿಡಿಯುವುದು ಯಾವಾಗ ಅಂತಲೂ ಕೇಳಿದ್ದೀರಿ. ಹೇಳುತ್ತೇನೆ. ಬಿ.ಎ. ಅಂದರೆ ‘ಬಾಯಿ ಅಧಿಕ’ ಅಂತ ಅರ್ಥ ಬಿಡಿಸಿದವರು ನೀವೇ. ಬಾಯಿ ಅಧಿಕ ಇರುವವರು ವಿಷಯಕ್ಕೆ ಬರುವುದು ಸ್ವಲ್ಪ ತಡವಾಗುತ್ತದೆ. ಮೊದಲು ಜೀಪಿನ ಸುದ್ದಿ ಕೇಳಿ.

ಡಾಕ್ಟರು ನಿಮ್ಮೆದುರಿಗೇ ಹೇಳಿದ ಮಾತು ನಿಮಗೆ ಗೊತ್ತಲ್ಲ, ಮನೆಗೆ ಕರೆದುಕೊಂಡು ಹೋಗಬಹುದು, ಆದರೆ ಬೆನ್ನಿನ ಆ ಗಂಟಿಗೆ ಒಂದು ಕುಲುಕಾಟವೂ ತಾಗಬಾರದು ಅಂತ. ದಾವಣಗೆರೆಯವರೆಗೆ ರೈಲಿದೆ, ಅದು ತೊಟ್ಟಿಲಿನ ಥರ ತೂಗುತ್ತದೆ. ಅಲ್ಲಿಂದ ಜಗಳೂರಿನವರೆಗೆ ಹೆಸರಿಗಾದರೂ ಡಾಂಬರಿದೆ. ಜಗಳೂರು ದಾಟಿದಿರೋ, ಅಲ್ಲಿಂದ ಮುಂದೆ ರಸ್ತೆಗೂ ಚಕ್ರಕ್ಕೂ ಬರೀ ಜಗಳ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಗಾಡಿಗಳು ಕೊರೆದ ಜಾಡು ಈಗ ಒಣಗಿ ಕಲ್ಲಾಗಿ ಕೂತಿದೆ. ಇಷ್ಟು ವರ್ಷ ಆ ದಾರಿಯಲ್ಲಿ ಜನ ತುಂಬಿಕೊಂಡು ಓಡಾಡಿದ ನಿಮಗೆ ನಾನು ಅದನ್ನು ಬಣ್ಣಿಸಬೇಕೇ? ಆಸ್ಪತ್ರೆಯ ಗಾಡಿ ಸಿಗುತ್ತದೆಯೇ ಅಂತ ವಿಚಾರಿಸಿದೆ. ಅದು ಜಗಳೂರಿನ ಬಸ್‌ಸ್ಟ್ಯಾಂಡಿನವರೆಗೆ ಬರುತ್ತದಂತೆ, ಆಮೇಲೆ ಬರುವುದಿಲ್ಲವಂತೆ. ಕೊನೆಗೆ ಉಳಿದದ್ದು ಮಿಲಿಟರಿ ಹರಾಜಿನಲ್ಲಿ ನೀವು ತಂದ ಜೀಪೇ. ನಿಮ್ಮ ಬೆನ್ನಿನಷ್ಟೇ ಗಟ್ಟಿ ಅಂತ ಹೊಗಳುತ್ತಿದ್ದಿರಲ್ಲ, ಅದೇ.

ಹಾಗಾಗಿ ಜಗಳೂರಿಗೆ ಹೋಗಿ ಗ್ಯಾರೇಜಿನ ತಿಪ್ಪೇಶಪ್ಪನನ್ನು ಹಿಡಿದೆ. ಸೀಟಿಗೆ ಇನ್ನೆರಡು ಗಾದಿ ಹಾಕಿದರೆ ಆಗುವುದಿಲ್ಲವೇ ಅಂತ ಕೇಳಿದ್ದಕ್ಕೆ ಆತ ನನ್ನ ಬಿ.ಎ.ಯನ್ನೇ ಮೇಲಿಂದ ಕೆಳಕ್ಕೆ ನೋಡಿ, “ಗಾದಿ ಹಾಕಿದ್ರೆ ಗಾಡಿ ಮೆತ್ತಗಾಗಲ್ಲ ಕಣಕ್ಕಾ. ಚಕ್ರಕ್ಕೆ ಆಡಾಕೆ ಜಾಗ ಕೊಡ್ಬೇಕು. ಈಗ ಹಿಂದಿನ ಚಕ್ರ ಮ್ಯಾಕೂ ಕೆಳಕೂ ಆಡೋದು ನಾಕು ಬೆರಳು. ಒಂದು ಗೇಣು ಆಡಂಗೆ ಮಾಡಿಬಿಟ್ರೆ ಚಕ್ರ ಗುಂಡಿಗಿಳಿದು ಎದ್ದು ಬಂದ್ರೂ ಮ್ಯಾಲೆ ಮಲಗಿದೋರಿಗೆ ಸುದ್ದೀನೇ ಮುಟ್ಟಲ್ಲ” ಅಂದ. ಇದೆಲ್ಲ ನಿಮಗೆ ಗೊತ್ತಿರುವುದೇ. ಆದರೂ ಹೊಸದಾಗಿ ಕಲಿತವಳು ಯಾರಿಗೆ ಹೇಳಿ ಜಂಬ ಪಡಲಿ? ಕಾಮನಿಗೆ ಇರುವುದು ಒಂದೇ ಬಿಲ್ಲು, ನಮ್ಮ ಜೀಪಿಗೆ ಹಿಂದೆ ಎರಡು ಕಮಾನು. ಒಂದೊಂದು ಕಮಾನಿನಲ್ಲೂ ಉಕ್ಕಿನ ಪಟ್ಟಿಗಳು ಚಪಾತಿ ಪೇರಿಸಿದ ಹಾಗೆ ಒಂದರ ಕೆಳಗೊಂದು. ಕಮಾನಿನ ತುದಿಯನ್ನು ಜೀಪಿನ ಮೈಗೆ ನೇತುಹಾಕುವ ಕೊಂಡಿಯನ್ನು ಉದ್ದ ಮಾಡಿದರೆ ಚಕ್ರ ಇನ್ನಷ್ಟು ಕೆಳಗಿಳಿಯುತ್ತದೆ. ಅದಕ್ಕೆ ಸರಿಯಾಗಿ ಶಾಕಬ್ಸರೂ ಉದ್ದ ಬೇಕು. ಶಾಕನ್ನು ಸದ್ದಿಲ್ಲದೆ ನುಂಗುವುದು ಅದರ ಕೆಲಸವಂತೆ. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಹೆಂಗಸರನ್ನು ಇಟ್ಟಿರುತ್ತಾರೆ, ಜೀಪಿಗೆ ಮಾತ್ರ ಬೇರೆ ತರಬೇಕು.

ಉದ್ದನೆಯ ಶಾಕಬ್ಸರ್ ಸಿಕ್ಕಿದ್ದು ಹೊನ್ನಾಳಿಯ ಗುಜರಿಯಲ್ಲಿ, ಯಾವುದೋ ಸತ್ತ ವ್ಯಾನಿನದು. ನ್ಯಾಮತಿಯಿಂದ ನಮ್ಮಪ್ಪನೇ ಹೋಗಿ ಬಿಚ್ಚಿಸಿ, ಟವೆಲ್ಲಿನಲ್ಲಿ ಸುತ್ತಿ, ಎರಡು ಬಸ್ಸು ಬದಲಾಯಿಸಿ ತೊಡೆಯ ಮೇಲಿಟ್ಟುಕೊಂಡು ತಂದರು. ಪಕ್ಕದಲ್ಲಿ ಕೂತ ಹೆಂಗಸು “ಮಗಾ ಮಲಗೈತೇನ್ರಿ?” ಅಂತ ಕೇಳಿದಳಂತೆ. ಅಪ್ಪ ಹೂಂ ಅಂದರಂತೆ. ಮೊಮ್ಮಗನನ್ನು ಕೊಡಲು ನಮ್ಮಿಬ್ಬರ ಕೈಲಿ ಆಗಲಿಲ್ಲ, ಅಳಿಯನ ಶಾಕಬ್ಸರನ್ನಾದರೂ ತೊಡೆಯ ಮೇಲೆ ಮಲಗಿಸಿಕೊಂಡರಲ್ಲ.

ಕೊಂಡಿ, ಶಾಕಬ್ಸರ್ ಎರಡೂ ಹಾಕಿ ತಿಪ್ಪೇಶಪ್ಪ ಮೀಸೆ ತಿರುವುತ್ತ ಮೊದಲ ಸಲ ಹೊರಗೆ ಓಡಿಸಿದ. ಪಕ್ಕದಲ್ಲಿ ನಾನು. ಎಡಗಡೆಯ ಹಿಂದಿನ ಚಕ್ರ ಗುಂಡಿಗೆ ಇಳಿಯಿತು, ಇನ್ನೂ ಇಳಿಯಿತು, ಗೇಣುದ್ದ ಇಳಿಯಿತು. “ನೋಡಕ್ಕಾ!” ಅನ್ನುವಷ್ಟರಲ್ಲಿ ಟಪ್ ಅಂತ ಸದ್ದು. ಕಮಾನಿಗೆ ಗೇಣು ಕೊಟ್ಟ ಮಹಾಶಯ ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಕೊಳವೆಯನ್ನು ಹಳೇ ನಾಲ್ಕು ಬೆರಳಿನ ಲೆಕ್ಕದಲ್ಲೇ ಬಿಟ್ಟಿದ್ದ. ಅದು ಎಳೆದೆಳೆದು ಹರಿದುಹೋಯಿತು. ಬ್ರೇಕಿಲ್ಲದ ಜೀಪು ನಿಮ್ಮ ಹೆಂಡತಿಯ ಬಾಯಿಯ ಹಾಗೆ ಎಲ್ಲಿ ನಿಲ್ಲಬೇಕೋ ತಿಳಿಯದೆ ಹೋಗಿ ಯಾರದೋ ಜೋಳದ ಸೊಪ್ಪೆಯ ಬಣವೆಗೆ ನುಗ್ಗಿ ನಿಂತಿತು. ಮೈತುಂಬ ಸೊಪ್ಪೆ ಅಂಟಿಸಿಕೊಂಡೇ ತಿಪ್ಪೇಶಪ್ಪ “ಇದು ಟೆಸ್ಟಿಂಗು, ಇದರಾಗೇ ಗೊತ್ತಾಗ್ಬೇಕು” ಅಂದ. ಉದ್ದನೆಯ ಕೊಳವೆ ಚನ್ನಗಿರಿಯಿಂದ ಬರಬೇಕಾಯಿತು, ಬಂತು.

ಇನ್ನು ಪರೀಕ್ಷೆ. ಎರಡು ಬೆಂಚುಗಳ ನಡುವೆ ಹಗ್ಗದ ಮಂಚ ಕಟ್ಟಿದೆವು. ನಿಮ್ಮ ಉದ್ದಕ್ಕೆ ಜೀಪು ಗಿಡ್ಡ, ಹಿಂಬಾಗಿಲು ಇಳಿಬಿಟ್ಟು ಕಾಲಿನ ಕಡೆಗೆ ಒಂದು ಹಲಗೆ ಸೇರಿಸಿದ್ದೇವೆ. ಮಲಗಿ ನೋಡುವವರು ಯಾರು ಅಂತ ಯೋಚಿಸುತ್ತಿರುವಾಗಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿಬಿಟ್ಟರು. “ಹೊಟ್ಟ್ಯಾಗಿದ್ದಾಗ ಅವನಿಗೆ ಒಂದು ಏಟು ತಾಗಂಗೆ ಬಿಟ್ಟಿಲ್ಲ ನಾನು. ಈಗಲೂ ನಾನೇ ನೋಡ್ತೀನಿ” ಅಂದರು. ಹೊಟ್ಟೆಯ ಮೇಲೆ ಹಿತ್ತಾಳೆಯ ತಂಬಿಗೆ, ತಂಬಿಗೆಯ ಕಂಠದವರೆಗೆ ನೀರು. ನೀರು ಚೆಲ್ಲಿದರೆ ತಿಪ್ಪೇಶಪ್ಪ ಸೋತ ಹಾಗೆ. ಜಗಳೂರಿನಿಂದ ಹೊರಟೆವು. ಈ ಕಡೆಯ ಜನ ನಿಮಗೆ ಗೊತ್ತು. ನಿಮ್ಮ ಜೀಪಿಗೆ ಕೈ ಅಡ್ಡ ಹಿಡಿದು, ಅದು ನಿಲ್ಲದೆ ಹೋದದ್ದನ್ನು ಅವರು ಜನ್ಮದಲ್ಲಿ ನೋಡಿಲ್ಲ. ಸಂತೆಗೆ ಬಂದಿದ್ದ ಭೀಮಕ್ಕ ಕೋಳಿಬುಟ್ಟಿ ಸಮೇತ ಹತ್ತಿದಳು. ಅವಳ ಹಿಂದೆ ಅವಳ ಅಕ್ಕಪಕ್ಕದವರು, ಅವರ ಹಿಂದೆ ಅವರ ಚೀಲಗಳು. ಬೆಂಚು ತುಂಬಿ ಹಿಂದಿನ ಕಂಬಿಗೂ ನಾಲ್ಕು ಜನ ಜೋತುಬಿದ್ದರು. “ಸಾವಂತ್ರಮ್ಮಾ, ಇದೇನು ಬಸುರಿ ಹಂಗೆ ಹೊಟ್ಟೆ ಹಿಡ್ಕಂಡು ಮಲಗೀಯ?” ಅಂತ ಭೀಮಕ್ಕ ಅತ್ತೆಯನ್ನು ಕೆಣಕಿದಳು. ಅತ್ತೆ “ಬಸುರೀನೇ ಕಣೇ, ನನ್ನ ಮಗನ್ನ ಇನ್ನೊಂದು ಸಲ ಹೊತ್ಕಂಡೀನಿ” ಅಂದರು. ಭೀಮಕ್ಕ ಕೋಳಿಬುಟ್ಟಿಯನ್ನು ತೊಡೆಗೆ ಎಳೆದುಕೊಂಡು ಅತ್ತೆಯ ಕಾಲಿಗೆ ಜಾಗ ಮಾಡಿದಳು.

ನಂಬುತ್ತೀರೋ ಬಿಡುತ್ತೀರೋ, ಸೊಕ್ಕೆಗೆ ಬಂದು ನಿಂತಾಗ ತಂಬಿಗೆ ಕಂಠದವರೆಗೂ ತುಂಬಿತ್ತು. ಅತ್ತೆ ತೂಕಡಿಸುತ್ತಿದ್ದರು. ಅಷ್ಟು ತೂಕದವರು ತೂಕಡಿಸಬೇಕಾದರೆ ಆ ಜೀಪು ಹೇಗೆ ಬಂದಿರಬೇಕು ಯೋಚಿಸಿ. ಊರವರಿಗೆಲ್ಲ ಅತ್ತೆ ಬೆಲ್ಲ ಹಂಚಿದರು. ಆ ಸಂಜೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡೆ. ನೀವು ಆಸ್ಪತ್ರೆಗೆ ಹೋದ ಮೇಲೆ ಅದೇ ಮೊದಲು.

ಮಾರನೆಯ ದಿನ ಸಣ್ಣಪ್ಪನ ಕಾಗದ ಬಂತು. “ಅತ್ತಿಗೆ, ಈಗ ಅಣ್ಣನ್ನ ನಾನೊಬ್ಬನೇ ಎತ್ತಿ ಕೂರಿಸ್ತೀನಿ, ನರ್ಸಮ್ಮನ್ನ ಕರೆಯೋದೇ ಬೇಡ” ಅಂತ ಹೆಮ್ಮೆಯಿಂದ ಬರೆದಿದ್ದ. (ಸಣ್ಣಪ್ಪಾ, ಈ ಸಾಲು ಓದುವಾಗ ಸ್ವಲ್ಪ ಕೆಮ್ಮಿಬಿಡು.) ಸಣ್ಣಪ್ಪ ಹೆಸರಿಗೆ ತಕ್ಕ ಹಾಗೆ ಇರುವ ಮನುಷ್ಯ, ಅವನು ಎತ್ತುವುದನ್ನೆಲ್ಲ ನಾನೂ ಎತ್ತಬಲ್ಲೆ. ನಾನು ಒಳಗೆ ಹೋಗಿ ಒಂದು ಚೀಲಕ್ಕೆ ಜೋಳ ತುಂಬಿದೆ. ನೀವು ಈಗ ಇಷ್ಟಿರಬಹುದು ಅಂದುಕೊಂಡು ತುಂಬಿ, ಇಷ್ಟಿರಲಾರದು ಅಂತ ತೆಗೆದು, ಮತ್ತೆ ಸ್ವಲ್ಪ ತೆಗೆದು, ಬಾಯಿ ಕಟ್ಟಿ ಎರಡು ತೋಳಿನಲ್ಲಿ ಎತ್ತಿದೆ. ಎತ್ತಲಿಕ್ಕೆ ಆಯಿತು. ಆಗಬಾರದಿತ್ತು. ಜಗಳೂರಿನ ಸಂತೆಯಲ್ಲಿ ತುಂಬಿದ ಮೂಟೆಗಳನ್ನು ಮಗು ಎತ್ತಿದ ಹಾಗೆ ಎತ್ತಿ ಜೀಪಿಗೆ ಹಾಕುತ್ತಿದ್ದವರು ಅರ್ಧ ಮೂಟೆಯಾಗಿ ನನ್ನ ತೋಳಿನಲ್ಲಿ ಕೂತಿದ್ದರು. ಅತ್ತೆ ಅಡಿಗೆಮನೆಯಿಂದ “ಏನದು?” ಅಂದರು. “ಜೋಳ” ಅಂದೆ.

ಆ ಚೀಲವನ್ನು ಹಗ್ಗದ ಮಂಚದ ಮೇಲೆ ಮಲಗಿಸಿ, ಅದರ ಮೇಲೆ ತಂಬಿಗೆ ಇಟ್ಟು, ಅದೇ ದಾರಿಯಲ್ಲಿ ಖಾಲಿ ಜೀಪಿನಲ್ಲಿ ಹೊರಟೆವು. ಊರು ದಾಟುವ ಮೊದಲೇ ತಂಬಿಗೆ ಉರುಳಿ ಹೋಗಿ ರಸ್ತೆಗೆ ಬಿತ್ತು. ಚೀಲ ಕಪ್ಪೆಯ ಹಾಗೆ ಎಗರಿ ಎಗರಿ ಬೀಳುತ್ತಿತ್ತು. ನಾನು ತಿರುಗಿ ನೋಡುವುದನ್ನೇ ಬಿಟ್ಟೆ. ಆಗ ತಿಪ್ಪೇಶಪ್ಪನಿಗೂ ನನಗೂ ಒಟ್ಟಿಗೇ ಹೊಳೆಯಿತು, ಮೊದಲ ಸಲ ನೀರು ಚೆಲ್ಲದೆ ಇದ್ದದ್ದು ಅವನ ಕೊಂಡಿಯಿಂದ ಅಲ್ಲ, ಭೀಮಕ್ಕನಿಂದ. ಆ ಕಮಾನುಗಳನ್ನು ಕಟ್ಟಿದ್ದೇ ಒಂದು ಜೀಪು ಜನಕ್ಕೆ. ಜನ ಕೂತರೆ ಬಗ್ಗುತ್ತವೆ, ಬಗ್ಗಿದರೆ ಚಕ್ರ ಗೇಣುದ್ದ ಆಡುತ್ತದೆ. ಒಬ್ಬನೇ ಮಲಗಿದರೆ, ಅದೂ ಅರ್ಧ ಮೂಟೆ ಆದವನು ಮಲಗಿದರೆ, ಅವು ಅವನ ಭಾರವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎತ್ತಿ ಬಿಸಾಡುತ್ತವೆ.

ಹಾಗಾದರೆ ಕಮಾನಿನಿಂದ ಪಟ್ಟಿ ತೆಗೆಯಬೇಕು ಅಂತ ತಿಪ್ಪೇಶಪ್ಪ ಪಟ್ಟು ಹಿಡಿದ. ತೆಗೆದ. ಒಂದೊಂದು ಕಮಾನಿಗೂ ಅರ್ಧ ಪಟ್ಟಿಗಳಷ್ಟೇ ಉಳಿದವು, ಜೀಪಿನ ಹಿಂಭಾಗ ಕಟ್ಟೆಯ ಮೇಲೆ ಕೂತ ಮುದುಕನ ಹಾಗೆ ಕುಸಿಯಿತು. ಮತ್ತೆ ಚೀಲ, ಮತ್ತೆ ತಂಬಿಗೆ. ಈ ಸಲ ಎರಡು ಸಲ ತುಳುಕಿತು, ಅಷ್ಟೇ. ಚೀಲ ಮಿಸುಕಲಿಲ್ಲ. “ಗೆದ್ದೆ ಕಣಕ್ಕಾ” ಅಂತ ತಿಪ್ಪೇಶಪ್ಪ ಹಾರನ್ ಹೊಡೆದ. ಹಾರನ್ ಕೇಳಿದ್ದೇ ತಪ್ಪಾಯಿತು. ಹಳ್ಳದ ಆಚೆ ದಂಡೆಯಲ್ಲಿ ನೆರಳಿಗೆ ಕೂತಿದ್ದ ಭೀಮಕ್ಕನ ಗುಂಪು ಎದ್ದು ನಿಂತು ಕೈ ಅಡ್ಡ ಹಿಡಿಯಿತು. ನಾನು “ನಿಲ್ಲಿಸಬೇಡ” ಅಂದೆ. ಅಂದೆ ಅಂತ ನೆನಪು, ಬಾಯಿಯಿಂದ ಬಂತೋ ಇಲ್ಲವೋ. ತಿಪ್ಪೇಶಪ್ಪನ ಕಾಲು ತಾನಾಗೇ ಬ್ರೇಕಿನ ಮೇಲೆ ಹೋಯಿತು. ಅವನನ್ನು ಬೈದು ಏನು ಪ್ರಯೋಜನ? ಆ ಕಾಲಿಗೆ ಪಾಠ ಹೇಳಿದವರು ನೀವು. ಬಿಸಿಲಲ್ಲಿ ನಿಂತವರನ್ನು ಬಿಟ್ಟು ಹೋದರೆ ಇಂಜಿನ್ನಿಗೇ ಬಾಯಾರುತ್ತದೆ ಅನ್ನುತ್ತಿದ್ದಿರಿ. ಅವರು ಹತ್ತಿದರು. ಕಮಾನುಗಳು ನೆಟ್ಟಗಾದವು, ಆಮೇಲೆ ತಲೆಕೆಳಗಾಗಿ ಬಾಗಿದವು. ಹಳ್ಳ ಹತ್ತುವಾಗ ಜೀಪಿನ ಮೈ ಚಕ್ರದ ದಂಡದ ಮೇಲೆಯೇ ಕುಕ್ಕಿತು. ಖಟಾರ್ ಅಂತ ಬಲಗಡೆಯ ಮೇಲ್ಪಟ್ಟಿ ಮುರಿಯಿತು. ಕಮಾನಿನಲ್ಲಿ ಎಲ್ಲಕ್ಕೂ ಹಿರಿಯ ಅದು, ಕೊಂಡಿಗೆ ಸಿಕ್ಕಿಸುವ ಕಿವಿ ತುದಿಗೆ ಇರುವುದು ಅದಕ್ಕೊಂದಕ್ಕೇ.

ಎಲ್ಲರೂ ಇಳಿದು ಜೀಪನ್ನು ತಳ್ಳಿಕೊಂಡು ಊರಿಗೆ ತಂದರು. ಭೀಮಕ್ಕ ಉದ್ದಕ್ಕೂ ನನ್ನ ಪಕ್ಕದಲ್ಲೇ ನಡೆದಳು. “ನಮ್ಮಿಂದ ಮುರೀತೇನವ್ವಾ?” ಅಂತ ಕೇಳಿದಳು. ಇಲ್ಲ, ಕಬ್ಬಿಣ ಹಳೇದು ಅಂದೆ. “ಆ ಚೀಲದಾಗೆ ಏನಿತ್ತು, ಅಷ್ಟು ಜ್ವಾಪಾನ ಮಾಡ್ತಿದ್ದಿ?” ಅಂದಳು. ಹೇಳಿದೆ. ಅವಳು ಅಲ್ಲೇ ಜಾಡಿನಲ್ಲಿ ಕೂತುಬಿಟ್ಟಳು. ಆಮೇಲೆ ಎದ್ದು ಎಲ್ಲರಿಗಿಂತ ಜೋರಾಗಿ ತಳ್ಳಿದಳು.

ಒಬ್ಬರಿಗೆ ಸರಿಮಾಡಿದರೆ ಜನ ಹತ್ತುವ ಹಾಗಿಲ್ಲ, ಜನಕ್ಕೆ ಸರಿಮಾಡಿದರೆ ಒಬ್ಬರು ಮಲಗುವ ಹಾಗಿಲ್ಲ, ಎರಡರಲ್ಲಿ ಒಂದು ಹೇಳು ಅಂತ ತಿಪ್ಪೇಶಪ್ಪ ಕೈಚೆಲ್ಲಿ ಕೂತ. ದಾರಿ ತೋರಿಸಿದವರು ಅತ್ತೆ. ಏನೂ ಓದದ ನನ್ನ ಅತ್ತೆ ಕಮಾನಿನ ವಿಷಯದಲ್ಲಿ ನನ್ನಷ್ಟೇ ದಡ್ಡರು, ಹಟದಲ್ಲಿ ನನಗಿಂತ ಜಾಣರು. “ತೆಗೆದ ಪಟ್ಟೀನೆಲ್ಲ ವಾಪಸ್ ಹಾಕಪ್ಪಾ. ಜನ ಕೂತ್ರೆ ಮೆತ್ತಗಾಗ್ತೈತೆ ಅಂದಿ ಅಲ್ಲ? ಜನಾನ್ನೇ ಕೂರಿಸ್ಕಂಡು ಹೋಗಾನ” ಅಂದರು. ಅಂದಿನಿಂದ ನಮ್ಮ ಜಗಲಿಯ ಮೇಲೆ ಆಯ್ಕೆ ನಡೆಯುತ್ತಿದೆ. ಹೋರಿ ಆರಿಸುವ ಹಾಗೆ ಅತ್ತೆ ಒಬ್ಬೊಬ್ಬರನ್ನೂ ನಿಲ್ಲಿಸಿ ನೋಡುತ್ತಾರೆ. ತೆಳ್ಳಗಿದ್ದವರಿಗೆ ಸೀಟಿಲ್ಲ. ಚಿಕ್ಕಹನುಮಂತಪ್ಪನವರನ್ನು “ನೀನು ಹೆಸರಿಗೆ ತಕ್ಕಂಗೇ ಚಿಕ್ಕೋನು, ಇಳಿ” ಅಂದುಬಿಟ್ಟರು. ಆತ ಜೇಬಿಗೆ ಕಲ್ಲು ತುಂಬಿಕೊಂಡು ಬಂದಿದ್ದ. ಭೀಮಕ್ಕನದು ಮೊದಲ ಸೀಟು. ಇಷ್ಟು ದಿನ ನೀವು ಅವರನ್ನೆಲ್ಲ ಹತ್ತಿಸಿಕೊಂಡಿರಿ, ಈಗ ನಿಮಗೋಸ್ಕರ ಅವರು ಭಾರವಾಗುತ್ತಾರಂತೆ. ಜೀಪಿನಲ್ಲಿ ಯಾರೂ ಅಳಬಾರದು, ಬಿಕ್ಕಿದರೆ ಬೆಂಚು ಅಲುಗುತ್ತದೆ ಅಂತ ಅತ್ತೆಯ ಕಟ್ಟಪ್ಪಣೆ. ಅದನ್ನು ಹೇಳುವಾಗಲೇ ಅವರ ಬೆಂಚು ಅಲುಗುತ್ತಿತ್ತು.

ಹಾಗಂತ ದಾರಿ ಮೆತ್ತಗಾಗಿದೆ ಅಂತ ಭ್ರಮೆ ಬೇಡ. ನಾವು ಚಕ್ರಕ್ಕೆ ಕೊಟ್ಟದ್ದು ಒಂದು ಗೇಣು. ಹಳ್ಳದ ಹತ್ತಿರ ಗುಂಡಿಗಳು ಮೊಳದ್ದಿವೆ. ಎಷ್ಟು ಜನ ಕೂತರೂ ಅಲ್ಲಿ ನೋಯುತ್ತದೆ. ತಲೆಯ ಕಡೆಯ ಜಾಗ ನನ್ನದು, ಅದನ್ನು ಯಾರಿಗೂ ಕೊಟ್ಟಿಲ್ಲ. ನೋವಾದರೆ ಜನ ಇದ್ದಾರೆ ಅಂತ ಹಲ್ಲು ಕಚ್ಚಬೇಡಿ, ನನ್ನ ಕೈ ಹಿಚುಕಿ. ಮುಂದಿನ ಸೋಮವಾರದ ರೈಲಿಗೆ ದಾವಣಗೆರೆ ಸ್ಟೇಷನ್ನಿನಲ್ಲಿ ಜೀಪು ತುಂಬ ಜನರೊಂದಿಗೆ ನಿಂತಿರುತ್ತೇನೆ. ಮದುವೆಗೆ ಬಂದವರು ಅಂತ ಪೋರ್ಟರುಗಳು ಅಂದುಕೊಂಡರೆ ಅಂದುಕೊಳ್ಳಲಿ.

ಅತ್ತೆ ನಿಮ್ಮ ನೆತ್ತಿ ಸವರಿ ಹರಸಿದ್ದಾರೆ ಅಂತ ಬರೆಯಲು ಹೇಳಿದರು. ಅವರ ಕೈ ಈಗ ಈ ಹಾಳೆಯ ಮೇಲಿದೆ, ಹಿಟ್ಟಿನ ಗುರುತು ಅವರದು. ತಿಪ್ಪೇಶಪ್ಪನ ನಮಸ್ಕಾರ. ನ್ಯಾಮತಿಯ ಅಪ್ಪ ‘ಆ ಮಗು ಹೇಗಿದೆ’ ಅಂತ ಶಾಕಬ್ಸರನ್ನು ವಿಚಾರಿಸಿ ಬರೆದಿದ್ದಾರೆ. ಸಣ್ಣಪ್ಪನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ.

ನಿಮ್ಮ ಬಾಯಿ ಅಧಿಕದ
ನಿರ್ಮಲ

ಮರೆತಿದ್ದು: ಸಣ್ಣಪ್ಪಾ, ನೀನು ಓದಿ ಹೇಳುತ್ತಿದ್ದರೆ ಇಲ್ಲಿಗೆ ನಿಲ್ಲಿಸು. ಹಾಳೆಯನ್ನು ಅಣ್ಣನ ಕೈಗೆ ಕೊಟ್ಟು ಕೆಳಗೆ ಹೋಗಿ ಟೀ ಕುಡಿದು ಬಾ.

ಹೋದನೇ? ಟಪಾಲಿನವನು ಬರುವ ಹೊತ್ತಾಗುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮುರಿದ ಮೇಲ್ಪಟ್ಟಿಗೆ ಬದಲು ಎಲ್ಲೂ ಸಿಗಲಿಲ್ಲ. ತಿಪ್ಪೇಶಪ್ಪ ಒಂದು ಹಳೇ ಲಾರಿಯ ಪಟ್ಟಿ ತಂದು, ಕತ್ತರಿಸಿ, ಕುಲುಮೆಗೆ ಹಾಕಿ ತುದಿ ಸುತ್ತಿ ಕೂರಿಸಿದ್ದಾನೆ. ನಿನ್ನೆ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: “ಅಕ್ಕಾ, ಸುಳ್ಳು ಹೇಳಲ್ಲ, ಇದರ ಹದ ಸರಿಯಾಗಿ ಕುಂತಿಲ್ಲ. ಅಣ್ಣನ್ನ ದಾವಣಗೆರೆಯಿಂದ ಕರ್ಕಂಡು ಬರಾಕೆ ಒಂದು ಸಲ ತಡೀತತೆ. ಮತ್ತೆ ಆಸ್ಪತ್ರೆಗೆ ಕರ್ಕಂಡು ಹೋಗಾಕೆ ಇದನ್ನ ನಂಬಬ್ಯಾಡ, ಅಷ್ಟರಾಗೆ ಹೊಸಾದು ತರಿಸ್ಕಳಾನ.” ನಾನು ಬೇಡ ತಿಪ್ಪೇಶಪ್ಪ, ಒಂದು ಸಲ ತಡೆದರೆ ಸಾಕು ಅಂದೆ. ಅವನು ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತ ನಿಂತ.

ವರಾಂಡದಲ್ಲಿ ಡಾಕ್ಟರು ನನಗೆ ಹೇಳಿದ್ದೂ ಅಷ್ಟೇ.